ಭಾಷೆಯ ಕೋಡ್ ಕೊಟ್ಟರೆ ಅನುವಾದ ಸಿಗಬೇಕು, ಮ್ಯಾಪ್ ಹೇಗೆ ಬರೆಯಲಿ?

ಪ್ರಶ್ನೆ
ಜಾವಾ ಆಬ್ಜೆಕ್ಟ್‌ಗಳನ್ನು ಡೇಟಾಬೇಸ್ ಟೇಬಲ್‌ಗಳಿಗೆ ಜೋಡಿಸುವ ಹೈಬರ್ನೇಟ್ ಬಳಸುತ್ತಿದ್ದೇನೆ. ಬುಕ್ ಅಂತ ಒಂದು ಎಂಟಿಟಿ (ಟೇಬಲ್‌ಗೆ ಹೊಂದುವ ಕ್ಲಾಸ್), ಅದರ ಹೆಸರು, ವಿವರ ಬೇರೆ ಬೇರೆ ಭಾಷೆಯಲ್ಲಿ ಇಡೋಕೆ ಟ್ರಾನ್ಸ್‌ಲೇಶನ್ ಅಂತ ಇನ್ನೊಂದು. ಮೊದಲು ಲಿಸ್ಟ್ ಇತ್ತು, ಕನ್ನಡದ್ದು ಬೇಕೆಂದರೆ ಪ್ರತಿ ಸಲ ಲೂಪ್ ಹಾಕಿ ಹುಡುಕಬೇಕಿತ್ತು. ಅದಕ್ಕೆ ಭಾಷೆಯ ಕೋಡ್ ಕೀ ಆಗಿರುವ ಮ್ಯಾಪ್ ಮಾಡಿ ಮ್ಯಾಪ್‌ಕೀಕಾಲಮ್ ಎಂಬ ಅನೋಟೇಶನ್ ಹಾಕಿದೆ. ಕ್ಲಾಸ್ ನೋಡಿ ಟೇಬಲ್ ತಾನಾಗಿ ಬದಲಿಸುವ ಸ್ಕೀಮಾ ಅಪ್‌ಡೇಟ್ ಆನ್ ಇತ್ತು. ಟೇಬಲ್‌ನಲ್ಲಿ ಭಾಷೆಯ ಕೋಡ್ ಇರುವ ಲ್ಯಾಂಗ್ ಕಾಲಮ್ ಇದ್ದರೂ ಟ್ರಾನ್ಸ್‌ಲೇಶನ್ಸ್_ಕೀ ಅಂತ ಹೊಸದೊಂದು ಬಂತು, ಹಳೆಯ ಸಾಲುಗಳಲ್ಲಿ ಅದು ಖಾಲಿ. ಎಲ್ಲಿ ತಪ್ಪಿದೆ?

ಉತ್ತರ
ನಿಮಗೆ ಬೇಕಿರುವುದು ಮ್ಯಾಪ್‌ಕೀ, ಮ್ಯಾಪ್‌ಕೀಕಾಲಮ್ ಅಲ್ಲ. ಕೀ ಎಂಟಿಟಿಯ ಒಳಗೇ ಇದ್ದರೆ ಮೊದಲನೆಯದು, ಕೀಗೆ ಬೇರೆ ಕಾಲಮ್ ಬೇಕಿದ್ದರೆ ಎರಡನೆಯದು. ಕಾಲಮ್‌ಗೆ ಹೆಸರು ಕೊಡದಿದ್ದರೆ ಫೀಲ್ಡ್ ಹೆಸರಿನ ಕೊನೆಗೆ _ಕೀ ಸೇರಿಸಿಕೊಳ್ಳುತ್ತೆ, ನಿಮಗೆ ಆಗಿದ್ದು ಅದೇ. ಮ್ಯಾಪ್‌ಕೀಗೆ ನೇಮ್ ಅಂತ ಲ್ಯಾಂಗ್ ಕೊಡಿ, ಅದು ಜಾವಾ ಫೀಲ್ಡ್‌ನ ಹೆಸರು, ಕಾಲಮ್‌ನದ್ದಲ್ಲ. ನೇಮ್ ಬಿಟ್ಟರೆ ಟ್ರಾನ್ಸ್‌ಲೇಶನ್‌ನ ಪ್ರೈಮರಿ ಕೀಯೇ (ಸಾಲಿನ ಐಡಿ) ಮ್ಯಾಪ್‌ನ ಕೀ ಆಗಿಬಿಡುತ್ತೆ. ಹಾಗೇ ಬುಕ್ ಐಡಿ, ಲ್ಯಾಂಗ್ ಎರಡಕ್ಕೂ ಸೇರಿಸಿ ಯುನೀಕ್ (ಒಂದೇ ಜೋಡಿ ಎರಡು ಸಲ ಬಾರದಂತೆ ತಡೆಯುವ ನಿಯಮ) ಹಾಕಿ. ಇಲ್ಲದಿದ್ದರೆ ಒಂದೇ ಭಾಷೆಯ ಎರಡು ಸಾಲಿದ್ದಾಗ ಮ್ಯಾಪ್‌ನಲ್ಲಿ ಒಂದೇ ಉಳಿಯುತ್ತೆ, ಎರರ್ ಕೂಡ ಬರಲ್ಲ.

ಇನ್ನೊಂದು ಉತ್ತರ
ಮೇಲಿನದು ಸರಿ, ಆದರೆ ಮ್ಯಾಪ್‌ಕೀ ಬರೀ ಓದುವಾಗ ಕೆಲಸ ಮಾಡುತ್ತೆ. ಮ್ಯಾಪ್‌ಗೆ ಪುಟ್ ಮಾಡಿದ ಮಾತ್ರಕ್ಕೆ ಲ್ಯಾಂಗ್ ತಾನಾಗಿ ತುಂಬುವುದಿಲ್ಲ. ಮ್ಯಾಪ್ಡ್‌ಬೈ (ಸಂಬಂಧವನ್ನು ಟ್ರಾನ್ಸ್‌ಲೇಶನ್‌ನ ಬುಕ್ ಫೀಲ್ಡ್ ಹಿಡಿದಿದೆ ಎನ್ನುವ ಸೆಟ್ಟಿಂಗ್) ಇದ್ದರೆ ಆ ಬುಕ್ ಫೀಲ್ಡ್ ಕೂಡ ಅಷ್ಟೇ. ಹಾಗಾಗಿ ಬುಕ್‌ನಲ್ಲಿ ಒಂದು ಮೆಥಡ್ ಬರೆದು ಲ್ಯಾಂಗ್ ಸೆಟ್, ಬುಕ್ ಸೆಟ್, ಆಮೇಲೆ ಪುಟ್, ಮೂರೂ ಅಲ್ಲೇ ಮಾಡಿ.

ನಾನು ಎರಡು ದಿನ ಒದ್ದಾಡಿದ್ದು ಇನ್ನೊಂದು ಕಡೆ. ಮ್ಯಾಪ್‌ನಿಂದ ಹೊರಬಿದ್ದ ಸಾಲನ್ನು ಅಳಿಸುವ ಆರ್ಫನ್‌ರಿಮೂವಲ್ ಇಟ್ಟು, ಅದೇ ಕೀಗೆ ಹೊಸ ಆಬ್ಜೆಕ್ಟ್ ಪುಟ್ ಮಾಡುತ್ತಿದ್ದೆ. ಫ್ಲಶ್ ಆಗುವಾಗ, ಅಂದರೆ ಬದಲಾವಣೆಗಳು ಡೇಟಾಬೇಸ್‌ಗೆ ಹೋಗುವಾಗ, ಹೈಬರ್ನೇಟ್ ಮೊದಲು ಇನ್ಸರ್ಟ್ ಮಾಡುತ್ತೆ, ಡಿಲೀಟ್ ಕೊನೆಗೆ. ಹಳೆಯ ಸಾಲು ಇನ್ನೂ ಇರುವುದರಿಂದ ಯುನೀಕ್ ಕನ್‌ಸ್ಟ್ರೇಂಟ್ ಒಡೆಯುತ್ತೆ. ಹೊಸದು ಹಾಕಬೇಡಿ, ಇರುವ ಆಬ್ಜೆಕ್ಟ್‌ನ ಪಠ್ಯವನ್ನೇ ಬದಲಿಸಿ.

ಮೂರನೇ ಉತ್ತರ
ಅನುವಾದ ಅಂದರೆ ಬರೀ ಹೆಸರು ಆಗಿದ್ದರೆ ಎಂಟಿಟಿಯೇ ಬೇಡ, ಮೌಲ್ಯಗಳನ್ನಷ್ಟೇ ಬೇರೆ ಟೇಬಲ್‌ನಲ್ಲಿಡುವ ಎಲಿಮೆಂಟ್‌ಕಲೆಕ್ಷನ್ ಸಾಕು. ಅಲ್ಲಿ ಮ್ಯಾಪ್‌ಕೀಕಾಲಮ್ ಸರಿಯಾಗಿ ಹೊಂದುತ್ತೆ. ಇವೆರಡೂ 2009ರ ಜೆಪಿಎ 2.0ರಿಂದಲೂ (ಹೈಬರ್ನೇಟ್ ಪಾಲಿಸುವ ಜಾವಾ ಮಾನದಂಡ) ಇವೆ. ಕೀ ಈನಮ್ (ಮೊದಲೇ ಬರೆದಿಟ್ಟ ಹೆಸರುಗಳ ಪಟ್ಟಿ) ಆದರೆ ಮ್ಯಾಪ್‌ಕೀಈನ್ಯೂಮರೇಟೆಡ್‌ಗೆ ಸ್ಟ್ರಿಂಗ್ ಕೊಡುವುದು ಮರೆಯಬೇಡಿ, ಡೀಫಾಲ್ಟ್ ಇರುವುದು ಕ್ರಮಸಂಖ್ಯೆ. ನಾಳೆ ಈನಮ್ ಮಧ್ಯೆ ತುಳು ಸೇರಿಸಿದರೆ ಅದರ ಕೆಳಗಿನ ಭಾಷೆಗಳೆಲ್ಲ ಅದಲುಬದಲಾಗುತ್ತವೆ.

ಕೇಳಿದವರು
ವಿವರವೂ ಇರುವುದರಿಂದ ಎಂಟಿಟಿಯನ್ನೇ ಉಳಿಸಿಕೊಂಡೆ. ಮ್ಯಾಪ್‌ಕೀ ಹಾಕಿದ ಮೇಲೆ ಸರಿಹೋಯಿತು, ಆ ಖಾಲಿ ಕಾಲಮ್ ತೆಗೆದೆ. ಯುನೀಕ್ ಹಾಕಲು ಹೋದಾಗ ಡೇಟಾಬೇಸ್ ಒಪ್ಪಲಿಲ್ಲ. ನೋಡಿದರೆ ಒಂದು ಪುಸ್ತಕಕ್ಕೆ ಕನ್ನಡದ ಸಾಲು ಎರಡಿದ್ದವು, ವಿವರ ಬೇರೆ ಬೇರೆ. ಯಾವುದು ಸರಿ ಅಂತ ಈಗ ಪುಸ್ತಕ ತೆರೆದು ನೋಡಬೇಕು. ಎಲ್ಲರಿಗೂ ಥ್ಯಾಂಕ್ಸ್.