ಸಹಾಯ ಬೇಕ್ರಿ: ಪಕ್ಕದವ್ರ ಗುಂಡಿನ ಸಪ್ಪಳಕ್ಕ ಎಚ್ಚರಾಗೋ ರಾಡಾರ್ ಕ್ರೋನೋಗ್ರಾಫ್

ಬೆಳಗಾವಿಯೊಳಗ ರೇಂಜಿಗೆ ಹೋಗಿ .22 ರೈಫಲ್ ಹೊಡೀತೀನ್ರಿ. ಗುಂಡಿನ ವೇಗ ಅಳ್ಯಾಕ ಗೆಳೆಯಾನ ರಾಡಾರ್ ಕ್ರೋನೋಗ್ರಾಫ್ ತಂದೀನಿ, ಸಪ್ಪಳ ಕೇಳಿ ಚಾಲೂ ಆಗೋ ನಮೂನಿದು. ನಳಿಗಿ ಬಾಯಿಂದ ಎರಡು ಗೇಣು ಬಾಜೂಕ, ಒಂಚೂರು ಹಿಂದ ಇಟ್ಟು ಟಾರ್ಗೆಟ್ ಕಡೆ ಮುಖ ಮಾಡೀನಿ. ಮೊದಲಿನ ಎರಡು ಗುಂಡಿಗೆ ಸೆಕೆಂಡಿಗೆ 324, 327 ಮೀಟರ್ ಅಂತ ಚಂದಾಗಿ ತೋರಿಸ್ತು. 40 ಗ್ರೇನಿನ (ಸುಮಾರು 2.6 ಗ್ರಾಂ ತೂಕದ) ಸ್ಟ್ಯಾಂಡರ್ಡ್ ಗುಂಡಿಗೆ ಅದು ಸರೀನೂ ಐತಿ. ಆಮ್ಯಾಲ ಬರೇ ಎರರ್! ಸೆನ್ಸಿಟಿವಿಟಿ ಏರಿಸಿದ್ರ ಬಾಜೂ ಲೇನಿನವ್ರ ಗುಂಡಿಗೆ ಎಚ್ಚರಾಗತೈತಿ, ಇಳಿಸಿದ್ರ ನಂದು ಕೇಳೂದs ಇಲ್ಲ, ಥೇಟ್ ಮನ್ಯಾಗಿನ ಮಕ್ಕಳಂಗ. ಬ್ಯಾಟರಿ ಬದಲಿಸಿದೆ, ಟ್ರೈಪಾಡಿಗೆ ಉಸುಕಿನ ಚೀಲ ಕಟ್ಟಿದೆ, ಉಪಯೋಗಿಲ್ಲ. ಹೊರಗಿನ ಮೈಕ್ ನಳಿಗಿ ಹತ್ರ ಇಟ್ರ ಬಗೆಹರೀತೈತೇನ್ರಿ, ಇಲ್ಲಾ ರಾಡಾರನ್ನs ಇನ್ನೂ ಸನೇಕ ಸರಿಸ್ಬೇಕೋ? .22ಕ್ಕ ಬಳಸಿದವ್ರು ಎಷ್ಟು ದೂರ ಇಡ್ತೀರಿ?