ಅಜ್ಜನ ಪೆಟ್ಟಿಗೆಯ ಚಮಚಗಳನ್ನು ತೂಕಕ್ಕೆ ಕೊಡಲಾ?

ಪಾಲಿಬೆಟ್ಟದಿಂದ ಪ್ರಶ್ನೆ: ಅಜ್ಜ ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ತೋಟದ ಬ್ರಿಟಿಷ್ ದೊರೆ ಇಂಗ್ಲೆಂಡಿಗೆ ಹೊರಟಾಗ ಒಂದು ಮರದ ಪೆಟ್ಟಿಗೆ ಕೊಟ್ಟರಂತೆ. ಅದು ಈಗ ನನ್ನ ಪಾಲಿಗೆ ಬಂದಿದೆ. 12 ಫೋರ್ಕ್, 12 ಚಾಕು, 11 ಚಮಚ. ಎಲ್ಲ ಕಪ್ಪಾಗಿವೆ, ಹಿಂದೆ ಸಣ್ಣ ಮುದ್ರೆಗಳಿವೆ. ಅಂಗಡಿಯವರು ಒಟ್ಟಿಗೆ ತೂಗಿ, "ಬರೀ ಬೆಳ್ಳಿ ಲೇಪ" ಎಂದು ಒಂದು ರೇಟ್ ಹೇಳಿದರು. ಕೊಡಲಾ?

ಮಡಿಕೇರಿಯಿಂದ: ಅಕ್ಕ, ಮೊದಲು ಉಜ್ಜಬೇಡಿ. ನಾನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಮುದ್ರೆಯನ್ನೇ ಸವೆಸಿದೆ. ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಭೂತಗನ್ನಡಿ ಹಿಡಿದು ನೋಡಿ. ನಡೆಯುವ ಸಿಂಹ ಕಂಡರೆ ಇಂಗ್ಲೆಂಡಿನ ಸ್ಟರ್ಲಿಂಗ್, ಅಂದರೆ 1000ಕ್ಕೆ 925 ಪಾಲು ಬೆಳ್ಳಿ. ಪಕ್ಕದಲ್ಲಿ ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್, ಚಿರತೆ ಮುಖ ಲಂಡನ್, ಕಿರೀಟ ಶೆಫೀಲ್ಡ್. ಒಂಟಿ ಅಕ್ಷರ ವರ್ಷದ ಗುರುತು, ಆದರೆ ಊರೂರಿಗೆ ಅದರ ಪಟ್ಟಿ ಬೇರೆ. ರಾಜನ ಅಥವಾ ರಾಣಿಯ ತಲೆ ಇದ್ದರೆ ಸಾಮಾನ್ಯವಾಗಿ 1784ರಿಂದ 1890ರ ನಡುವಿನದು. ತೆರಿಗೆ ಕಟ್ಟಿದ್ದಕ್ಕೆ ಹಾಕುತ್ತಿದ್ದ ಮುದ್ರೆ ಅದು. ಮದರಾಸಿನ ಪಿ. ಓರ್ ಅಂಡ್ ಸನ್ಸ್ ಅಂಗಡಿಯ ಹೆಸರಿದ್ದರೆ ಸಿಂಹ ಇಲ್ಲದಿರಬಹುದು. ಅದು ನಮ್ಮ ಕಡೆಯ ಕೆಲಸ ಇರಬಹುದು.

ಸುಂಟಿಕೊಪ್ಪದಿಂದ: ನಮ್ಮ ಪೆಟ್ಟಿಗೆಯಲ್ಲಿ ಇ.ಪಿ.ಎನ್.ಎಸ್. (EPNS, ಬೆಳ್ಳಿ ಲೇಪದ ಗುರುತು) ಎಂದಿತ್ತು. ಖುಷಿಯೆಲ್ಲ ಠುಸ್! ಒಳಗೆ ತಾಮ್ರ, ನಿಕ್ಕಲ್, ಸತು. ಬೆಳ್ಳಿ ಮೇಲೆ ತೆಳ್ಳಗೆ ಅಷ್ಟೇ. ಅಯಸ್ಕಾಂತ ಹಿಡಿದು ನೋಡುವುದು ಸುಮ್ನೆ, ಇದಕ್ಕೂ ಅಂಟುವುದಿಲ್ಲ. ಫೋರ್ಕ್ ಹಲ್ಲಿನ ತುದಿ, ಚಮಚದ ಬೆನ್ನು, ಇಂಥ ಸವೆಯುವ ಜಾಗದಲ್ಲಿ ಬಣ್ಣ ಬೇರೆ ಕಂಡರೆ ಅದು ಲೇಪವೇ.

ವಿರಾಜಪೇಟೆಯಿಂದ: ಚಾಕುಗಳನ್ನು ಬೇರೆ ಇಡಿ. ಹಿಡಿ ಟೊಳ್ಳಾಗಿದ್ದು ಒಳಗೆ ರಾಳ ತುಂಬಿರುತ್ತಾರೆ, ಅಲಗು ಉಕ್ಕು. ನಾವು ಸೊಂಟಕ್ಕೆ ಸಿಕ್ಕಿಸುವ ಬೆಳ್ಳಿ ಕೆಲಸದ ಪೀಚೆಕತ್ತಿ ತೂಗುವಾಗ ಅಲಗನ್ನು ಬೆಳ್ಳಿ ಲೆಕ್ಕಕ್ಕೆ ಹಿಡಿಯುತ್ತೇವಾ? ಸ್ಟರ್ಲಿಂಗ್ ಅಂತ ಖಾತ್ರಿಯಾದ ಮೇಲೆ ಲೆಕ್ಕ ಸುಲಭ. ಒಂದು ಕಿಲೋ ಬಂದರೆ 925 ಗ್ರಾಂ ಬೆಳ್ಳಿ, ಅದಕ್ಕೆ ಇವತ್ತಿನ ದರ. ಅದು ಕರಗಿಸುವ ಬೆಲೆ. ಅದಕ್ಕಿಂತ ಕಡಿಮೆಗೆ ಕೊಡಲೇಬೇಡಿ. ಸೆಟ್ ಪೂರ್ತಿ ಇದ್ದು, ಒಳ್ಳೆಯ ಕೆಲಸಗಾರನ ಮುದ್ರೆಯೂ ಇದ್ದರೆ ಜಾಸ್ತಿ ಸಿಗಬಹುದು. ನಿಮ್ಮದರಲ್ಲಿ ಒಂದು ಚಮಚ ಇಲ್ಲ, ಅದೇ ಬೇಜಾರು.

ಪಾಲಿಬೆಟ್ಟದಿಂದ ಮತ್ತೆ: ನೋಡಿದೆ. ಫೋರ್ಕ್ ಎಲ್ಲ ಇ.ಪಿ.ಎನ್.ಎಸ್. ಆದರೆ 11 ಚಮಚಕ್ಕೂ ಸಿಂಹ, ಲಂಗರು! ಮತ್ತೆ ಅಡುಗೆಮನೆಗೆ ಹೋಗಿ ಅಮ್ಮನ ಕಾಫಿಪುಡಿ ಡಬ್ಬ ತೆಗೆದೆ. ಅದರಲ್ಲಿ ಇಷ್ಟು ವರ್ಷ ಬಿದ್ದಿದ್ದ ಕರಿ ಚಮಚದ ಹಿಂದೆಯೂ ಅದೇ ಲಂಗರು.