ಪದ್ಮಿನಿಗೆ ಬೀಡಿಂಗ್ ಕೂರಿಸುವುದು: ಹೊಸ ಪೇಂಟಿನ ಮೇಲೆ ಡ್ರಿಲ್ ಹಾಕಬೇಕಾ?

ಕೇಳಿದ್ದು, ಕಾಪುವಿನಿಂದ

ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ ಉಂಟು, 1986ರ ಗಾಡಿ. ಹತ್ತು ವರ್ಷ ಶೆಡ್ಡಿನಲ್ಲೇ ಇತ್ತು. ಈಗ ಟಿಂಕರಿಂಗ್ ಮುಗಿದಿದೆ, ಪೇಂಟ್ ಆಗಿ ಹದಿನೈದು ದಿನ ಆಯಿತು. ಬದಿಯ ಬೀಡಿಂಗ್ (ಬಾಗಿಲುಗಳ ಉದ್ದಕ್ಕೂ ಬರುವ ಲೋಹದ ಪಟ್ಟಿ), ಮೊನೋಗ್ರಾಂ (ಗಾಡಿಯ ಹೆಸರಿನ ಬಿಲ್ಲೆ), ಮುಂದಿನ ಗಾಜಿನ ಸುತ್ತ ಬರುವ ಪಟ್ಟಿ ಇಷ್ಟು ಬಾಕಿ. ತೊಂದರೆ ಎಂತ ಅಂದರೆ, ಎಡಬದಿಯ ಎರಡೂ ಬಾಗಿಲುಗಳಲ್ಲಿ ಬೀಡಿಂಗ್ ಕ್ಲಿಪ್ಪಿನ ಹಳೇ ತೂತುಗಳನ್ನು ಟಿಂಕರ್ ವೆಲ್ಡ್ ಮಾಡಿ ಮುಚ್ಚಿಬಿಟ್ಟಿದ್ದಾರೆ. ಬಲಬದಿಯಲ್ಲಿ ಹಾಗೇ ಇವೆ. ಮತ್ತೆ ಡ್ರಿಲ್ ಹಾಕಬೇಕಾ, ಡಬಲ್ ಸೈಡ್ ಟೇಪ್ ಸಾಕಾ? ಮನೆ ಸಮುದ್ರದ ಹತ್ತಿರವೇ. ಮಾಡಿದವರು ಇದ್ದರೆ ಸ್ವಲ್ಪ ಹೇಳಿ.

ಸುರತ್ಕಲ್‌ನಿಂದ

ಬಲಬದಿಯ ತೂತು ಉಳಿದಿದೆಯಲ್ಲ, ಅರ್ಧ ಕೆಲಸ ಆಯಿತು ಮಾರಾಯ್ರೆ. ನನ್ನ ಗಾಡಿಯಲ್ಲಿ ಎರಡೂ ಬದಿ ಪುಟ್ಟಿಯಲ್ಲಿ ಮುಚ್ಚಿಹೋಗಿತ್ತು. ಪೇಂಟ್ ಹೊಳೆಯುವುದನ್ನು ನೋಡಿ ಖುಷಿಯಲ್ಲಿ ಮನೆಗೆ ತಂದವನಿಗೆ, ಬೀಡಿಂಗ್ ಕೈಗೆತ್ತಿಕೊಂಡ ದಿನ ಗೊತ್ತಾಯಿತು, ಕೂರಿಸಲು ಜಾಗವೇ ಇಲ್ಲ ಅಂತ. ಬೀಡಿಂಗನ್ನು ಎರಡು ಸಲ ಕೂರಿಸಬೇಕು. ಪೇಂಟಿಗೆ ಮುಂಚೆ ಒಮ್ಮೆ ಸುಮ್ನೆ ಹಿಡಿದು ನೋಡಲು, ಪೇಂಟ್ ಆದಮೇಲೆ ಇನ್ನೊಮ್ಮೆ. ನಾನು ಮೊದಲನೆಯದನ್ನು ಬಿಟ್ಟೆ, ನೀವೂ ಬಿಟ್ಟಿದ್ದೀರಿ. ಇರಲಿ.

ಟೇಪ್ ವಿಷಯ ಮೊದಲು. ನಿಮ್ಮ ಹಳೇ ಪಟ್ಟಿಯನ್ನು ತಿರುಗಿಸಿ ಹಿಂಬದಿ ನೋಡಿ. ಅದು ಚಪ್ಪಟೆ ಅಲ್ಲ, ಒಳಗೆ ಟೊಳ್ಳು. ಬಾಡಿಗೆ ತಾಗುವುದು ಎರಡು ಸಪೂರ ಅಂಚು ಮಾತ್ರ. ಟೇಪ್ ಯಾವುದಕ್ಕೆ ಅಂಟಬೇಕು? ಈಗಿನ ಕಾರುಗಳ ಪ್ಲಾಸ್ಟಿಕ್ ಪಟ್ಟಿಯ ಹಿಂಬದಿ ಚಪ್ಪಟೆ, ಅಲ್ಲಿ ಟೇಪ್ ಚೆನ್ನಾಗಿ ಹಿಡಿಯುತ್ತದೆ. ಪದ್ಮಿನಿಯದಕ್ಕೆ ಕ್ಲಿಪ್ಪೇ ಆಗಬೇಕು. ಅಂದರೆ ತೂತು ಬೇಕು.

ನಾನಾದರೆ ಹೀಗೆ ಮಾಡುತ್ತೇನೆ. ಹಳೇ ಕ್ಯಾಲೆಂಡರಿನ ದೊಡ್ಡ ಹಾಳೆಯನ್ನು ಬಲಬದಿಯ ಬಾಗಿಲಿಗೆ ಮಾಸ್ಕಿಂಗ್ ಟೇಪಿನಲ್ಲಿ ಅಂಟಿಸಿ. ಬಾಗಿಲಿನ ಅಂಚು, ಹಿಡಿ, ಬಾಡಿಯ ಉಬ್ಬುಗೆರೆ ಎಲ್ಲವನ್ನೂ ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿ ತೆಗೆಯಿರಿ. ತೂತುಗಳೂ ಮೂಡುತ್ತವೆ. ಆಮೇಲೆ ಹಾಳೆಯನ್ನು ಮಗುಚಿ ಎಡಬದಿಗೆ ಹಿಡಿಯಿರಿ. ಆದರೆ ಅದನ್ನೇ ನಂಬಿ ಡ್ರಿಲ್ ಹಾಕಬೇಡಿ. ಸುತ್ತಿಗೆಯಲ್ಲಿ ಬಡಿದು ಸರಿಮಾಡಿದ ಬಾಗಿಲು, ಎರಡು ಮೂರು ಮಿಲಿಮೀಟರ್ ಆಚೀಚೆ ಇದ್ದೇ ಇರುತ್ತದೆ. ಪಟ್ಟಿಯ ಜಾಗದಲ್ಲಿ ಅಷ್ಟೇ ಅಗಲದ ಮಾಸ್ಕಿಂಗ್ ಟೇಪ್ ಅಂಟಿಸಿ, ಹತ್ತು ಹೆಜ್ಜೆ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ನೋಡಿ. ಮುಂದಿನ ಲೈಟಿನಿಂದ ಹಿಂದಿನ ಲೈಟಿನವರೆಗೆ ಗೆರೆ ಎಲ್ಲೂ ಕುಸಿಯಬಾರದು. ಇಲ್ಲಿ ಅಳತೆ ಟೇಪಿಗಿಂತ ಕಣ್ಣು ಮೇಲು. ಮನೆಯವರನ್ನೂ ಕರೆದು ತೋರಿಸಿ. ನನ್ನ ಹೆಂಡತಿ ಅಡುಗೆಮನೆ ಕಿಟಕಿಯಿಂದಲೇ "ಹಿಂದಿನ ಬಾಗಿಲಲ್ಲಿ ಇಳಿದಿದೆ" ಅಂದಳು, ಅದು ಸರಿಯಿತ್ತು.

ಡ್ರಿಲ್ ಹಾಕುವ ಮುಂಚೆ ಬಾಗಿಲಿನ ಗಾಜನ್ನು ಪೂರ್ತಿ ಮೇಲೆ ಏರಿಸಿ. ಇಳಿಸಿದ್ದರೆ ಗಾಜು ತಗಡಿನ ಹಿಂದೆಯೇ ನಿಂತಿರುತ್ತದೆ. ಡ್ರಿಲ್ ಬಿಟ್ಟಿನ ತುದಿಯಿಂದ ಅರ್ಧ ಇಂಚು ಬಿಟ್ಟು ಟೇಪ್ ಸುತ್ತಿ, ಜಾಸ್ತಿ ಒಳಗೆ ಹೋಗಬಾರದು. ಮೊದಲು 2 ಮಿಲಿಮೀಟರ್ ತೂತು, ಆಮೇಲೆ ಕ್ಲಿಪ್ಪಿನ ಅಳತೆ. ಪೇಂಟಿನ ಮೇಲೆ ಎರಡು ಪದರ ಮಾಸ್ಕಿಂಗ್ ಟೇಪ್ ಇಲ್ಲದೆ ಬಿಟ್ ಇಡಲೇಬೇಡಿ. ಜಾರಿದರೆ ಎಂತ ಆಗುತ್ತದೆ ಎಂದು ನನ್ನ ಗಾಡಿಯ ಎಡ ಬಾಗಿಲಲ್ಲಿ ಈಗಲೂ ನೋಡಬಹುದು.

ಈಗ ಮುಖ್ಯ ವಿಷಯ. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ, ಮೇಲೆ ಉಪ್ಪುಗಾಳಿ. ಬೀಡಿಂಗ್ ಹಿಂದೆ ನೀರು ನಿಂತು ತೂತಿನ ಅಂಚಿನಿಂದಲೇ ತುಕ್ಕು ಶುರುವಾಗುತ್ತದೆ. ಹೊರಗೆ ಗುಳ್ಳೆ ಎದ್ದು ಕಾಣುವಾಗ ಒಳಗೆ ತಗಡು ಮುಗಿದಿರುತ್ತದೆ. ಅದಕ್ಕೆ ಪ್ರತಿ ತೂತಿನ ಅಂಚನ್ನು ಸಣ್ಣ ಅರದಿಂದ ಸವರಿ, ಬ್ರಷ್ಷಿನಲ್ಲಿ ಎಪಾಕ್ಸಿ ಪ್ರೈಮರ್ ಹಚ್ಚಿ, ಮೇಲೆ ಪೇಂಟ್ ತಾಗಿಸಿ, ಒಂದು ದಿನ ಒಣಗಲು ಬಿಡಿ. ಕ್ಲಿಪ್ಪಿನ ಬುಡಕ್ಕೆ ಸೀಲೆಂಟ್ ಹಚ್ಚಿಯೇ ಒತ್ತಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ಮಾತ್ರ ಬೇಡ. ಅದರ ಹುಳಿಯೇ ತಗಡಿಗೆ ತುಕ್ಕು ತರಿಸುತ್ತದೆ. ವಾಸನೆ ಇಲ್ಲದ ನ್ಯೂಟ್ರಲ್ ಸಿಲಿಕೋನ್ ಕೇಳಿ ತನ್ನಿ.

ಇನ್ನೊಂದು, ಡ್ರಿಲ್ ಮಾಡಿದ ಕಬ್ಬಿಣದ ಪುಡಿ ಬಾಗಿಲೊಳಗೆ ಬೀಳುತ್ತದೆ. ಒಳಗಿನ ಪ್ಯಾಡ್ ಬಿಚ್ಚಿ, ಅಯಸ್ಕಾಂತವನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ ಒಳಗೆ ಆಡಿಸಿ ತೆಗೆಯಿರಿ. ಬಿಟ್ಟರೆ ಅದು ಬುಡದ ನೀರು ಹೋಗುವ ತೂತಿಗೆ ಸೇರಿ ಅಲ್ಲೇ ತುಕ್ಕಾಗುತ್ತದೆ, ತೂತು ಕಟ್ಟಿ ಮಳೆನೀರು ಒಳಗೇ ನಿಲ್ಲುತ್ತದೆ. ಆಗಸ್ಟಿನಲ್ಲಿ ಬಾಗಿಲು ಅಲ್ಲಾಡಿಸಿದರೆ ಕೊಡಪಾನದ ಹಾಗೆ ಗುಳುಗುಳು ಅನ್ನುತ್ತದೆ.

ಮಲ್ಪೆಯಿಂದ

ಮೇಲಿನವರು ಹೇಳಿದ್ದು ಸರಿ. ನಾನು ಬೋಟಿನ ಕೆಲಸದವನು, ಕಾರಿನ ವಿಷಯ ಅಷ್ಟು ಗೊತ್ತಿಲ್ಲ, ಉಪ್ಪಿನ ವಿಷಯ ಗೊತ್ತುಂಟು. ನಿಮ್ಮ ಪಟ್ಟಿಗೆ ಅಯಸ್ಕಾಂತ ಹಿಡಿದು ನೋಡಿ. ಗಟ್ಟಿ ಕಚ್ಚಿದರೆ ಹೆಚ್ಚಾಗಿ ಕ್ರೋಮ್ ಹಾಕಿದ ಕಬ್ಬಿಣ, ಕೆಲವು ಜಾತಿಯ ಸ್ಟೇನ್‌ಲೆಸ್ಸೂ ಕಚ್ಚುತ್ತದೆ. ಕಚ್ಚದೆ, ಕೈಗೆ ಹಗುರ ಇದ್ದರೆ ಅಲ್ಯೂಮಿನಿಯಂ. ಕಚ್ಚದೆಯೂ ಗಟ್ಟಿಯಾಗಿದ್ದರೆ ಸ್ಟೇನ್‌ಲೆಸ್. ಅಲ್ಯೂಮಿನಿಯಂ ಪಟ್ಟಿಗೆ ಸ್ಟೀಲ್ ಸ್ಕ್ರೂ ನೇರ ಹಾಕಿದರೆ ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ನಡುವೆ ನೈಲಾನ್ ವಾಷರ್ ಬೇಕು, ಕ್ಲಿಪ್ಪೂ ನೈಲಾನಿನದ್ದೇ ಒಳ್ಳೆಯದು. ಸ್ಕ್ರೂ ಹಾಕಲೇಬೇಕಾದರೆ 316 ಗ್ರೇಡಿನ ಸ್ಟೇನ್‌ಲೆಸ್ ಕೇಳಿ. 304 ಗ್ರೇಡಿನದ್ದು ಕಡಲ ಬದಿಯಲ್ಲಿ ಬೇಗ ಚಹಾದ ಕಲೆಯ ಹಾಗೆ ಕಂದಾಗುತ್ತದೆ.

ಮಣಿಪಾಲದಿಂದ

ಗಾಜಿನ ಪಟ್ಟಿಯ ಬಗ್ಗೆ ಯಾರೂ ಹೇಳಿಲ್ಲ. ಅದು ರಬ್ಬರಿನ ಸೀಳಿನೊಳಗೆ ಕೂರುವುದು. ಹಳೇ ರಬ್ಬರ್ ಒಣಗಿ ಗಟ್ಟಿಯಾಗಿದ್ದರೆ ಪಟ್ಟಿಯನ್ನು ಒತ್ತಲು ಹೋಗಬೇಡಿ. ನಾನು ಒತ್ತಿ ಮೂಲೆಯಲ್ಲಿ ಮಡಚಿಸಿಬಿಟ್ಟೆ, ಒಮ್ಮೆ ಮಡಚಿದ್ದು ಆ ಗೆರೆಯನ್ನು ಬಿಡುವುದೇ ಇಲ್ಲ. ಹೊಸ ರಬ್ಬರ್ ಹಾಕಿ, ಸೋಪುನೀರು ಧಾರಾಳ ಸುರಿದು, ಮರದ ಚಪ್ಪಟೆ ಕಡ್ಡಿಯಲ್ಲಿ ರಬ್ಬರಿನ ತುಟಿ ಎತ್ತುತ್ತಾ ಸ್ವಲ್ಪಸ್ವಲ್ಪ ಕೂರಿಸಿ. ಎಣ್ಣೆ, ಗ್ರೀಸ್ ಬೇಡ, ರಬ್ಬರ್ ಊದಿಕೊಳ್ಳುತ್ತದೆ. ಮಧ್ಯಾಹ್ನ ಬಿಸಿಲಲ್ಲಿ ಒಂದು ಗಂಟೆ ಇಟ್ಟ ರಬ್ಬರ್ ಮಾತು ಕೇಳುತ್ತದೆ.

ಮೊನೋಗ್ರಾಂ ಸತುವಿನ ಎರಕದ್ದಾಗಿದ್ದರೆ ಹಿಂದಿನ ಕಡ್ಡಿ ಬಿಸ್ಕತ್ತಿನ ಹಾಗೆ ಮುರಿಯುತ್ತದೆ, ಸುತ್ತಿಗೆ ದೂರ ಇರಲಿ. ಕಡ್ಡಿ ಹೋಗಿದ್ದರೆ ಅಲ್ಲಿ ಟೇಪ್ ಓಕೆ. ಆದರೆ ಪೇಂಟಿಗೆ ಇನ್ನೂ ಹದಿನೈದೇ ದಿನ ಅಂದಿರಿ, ಒಂದು ತಿಂಗಳಾದರೂ ಕಾಯಿರಿ. ಅಂಟಿಸಿದ ಮೇಲೆ 72 ಗಂಟೆ ನೀರು ತಾಗಿಸಬೇಡಿ, ಅಷ್ಟು ಹೊತ್ತಾದರೇ ಟೇಪಿಗೆ ಪೂರ್ತಿ ಹಿಡಿತ ಬರುವುದು.

ಮತ್ತೆ ಸುರತ್ಕಲ್‌ನಿಂದ

ಒಂದು ಮರೆತೆ. ಮುಂದಿನ ಬಾಗಿಲಿನ ಪಟ್ಟಿಯ ಮುಂದಿನ ತುದಿಯನ್ನು ಅಂಚಿಗೆ ಸರಿಯಾಗಿ ಕೂರಿಸಬೇಡಿ. ಬಾಗಿಲು ತೆರೆದಾಗ ಆ ತುದಿ ಮಡ್‌ಗಾರ್ಡಿನ ಕಡೆ ತಿರುಗುತ್ತದೆ, ಹೊಸ ಪೇಂಟನ್ನು ಕೆರೆದು ಹಾಕುತ್ತದೆ. 3 ಮಿಲಿಮೀಟರ್ ಹಿಂದೆ ಇರಲಿ. ಕ್ಲಿಪ್ ಒತ್ತುವ ಮುಂಚೆ ಟೇಪಿನಲ್ಲಿ ನಿಲ್ಲಿಸಿ ಬಾಗಿಲನ್ನು ಪೂರ್ತಿ ತೆರೆದು ನೋಡಿ.

ಪಟ್ಟಿ ಕಡಿಮೆ ಬಿದ್ದರೆ ಮುಂಬೈ ಕುರ್ಲಾದ ಗುಜರಿ, ಇಲ್ಲವೇ ಚೆನ್ನೈಯ ಪುದುಪೇಟೆ ಕಡೆ ವಿಚಾರಿಸಿ. ಬೇಗ ವಿಚಾರಿಸಿ. ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿಗಳ ಓಟ 2023ರ ಅಕ್ಟೋಬರಿನಲ್ಲಿ ನಿಂತಮೇಲೆ ಬಿಚ್ಚಲು ಗಾಡಿ ಬರುವುದೇ ಕಡಿಮೆ. ತರಿಸುವಾಗ ಪಿವಿಸಿ ಪೈಪಿನೊಳಗೆ ಹಾಕಿ ಕಳಿಸಲು ಹೇಳಿ. ನನ್ನದು ಪೇಪರಿನಲ್ಲಿ ಸುತ್ತಿ ಬಸ್ಸಿನಲ್ಲಿ ಬಂತು, ಬಿಲ್ಲಿನ ಹಾಗೆ ಬಾಗಿತ್ತು.

ಕಾಪುವಿನಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಯಸ್ಕಾಂತ ಹಿಡಿದೆ, ಕಚ್ಚಲಿಲ್ಲ, ಹಗುರ ಉಂಟು, ಅಂದರೆ ಅಲ್ಯೂಮಿನಿಯಂ. ಕ್ಯಾಲೆಂಡರ್ ಹಾಳೆಯನ್ನೂ ಮಗುಚಿ ನೋಡಿದೆ. ಹಿಂದಿನ ಬಾಗಿಲಲ್ಲಿ 4 ಮಿಲಿಮೀಟರ್ ವ್ಯತ್ಯಾಸ. ಮಾಸ್ಕಿಂಗ್ ಟೇಪ್ ಅಂಟಿಸಿ ಇಟ್ಟಿದ್ದೇನೆ, ಅಮ್ಮ ದಿನಾ ಸಂಜೆ ಜಗಲಿಯಲ್ಲಿ ಕೂತು ಮೇಲೆ, ಕೆಳಗೆ ಅನ್ನುತ್ತಿದ್ದಾರೆ. ಡ್ರಿಲ್ ಮುಂದಿನ ತಿಂಗಳು.